ನಯಾಗರ ಬಿಟ್ಟು ಯಂಗ್ಸ್‌ಟೌನ್‌ಗೆ

ಒಹಾಯೊ ರಾಜ್ಯದ ಯಂಗ್ಸ್‌ಟೌನ್‌ಗೆ ಹೊರಟಿದ್ದೇವೆ ಅಂದಾಗ ಪಿಟ್ಸ್‌ಬರ್ಗ್‌ನ ಕನ್ನಡದವರು ನಕ್ಕರು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ನಿಂತಿದ್ದಾಗ ಒಬ್ಬರು ಕೇಳಿಯೇ ಬಿಟ್ಟರು: "ಅಲ್ಲಿ ಏನಿದೆ ಅಂತ ಹೋಗ್ತೀರಿ ಮೇಡಂ? ನಯಾಗರ ನೋಡಿ ಬನ್ನಿ." ನಯಾಗರ ಆಗಲೇ ನೋಡಿಯಾಗಿತ್ತು. ಚೆನ್ನಾಗಿದೆ. ಆದರೆ ಜೋಗದ ಪಕ್ಕದಲ್ಲಿ ಬೆಳೆದವರಿಗೆ ಅದರ ಬಗ್ಗೆ ಪುಟಗಟ್ಟಲೆ ಬರೆಯುವ ಹುಮ್ಮಸ್ಸು ಬರಲ್ಲ.

ನಾನು ಭದ್ರಾವತಿಯವಳು. ಅಪ್ಪ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಇದ್ದರು. ಮುಚ್ಚಿದ ಉಕ್ಕಿನ ಊರೊಂದು ಒಂದೂವರೆ ಗಂಟೆ ದೂರದಲ್ಲಿದೆ ಅಂತ ಗೊತ್ತಾದ ಮೇಲೆ ಮಗಳ ಮನೆಯಲ್ಲಿ ಸುಮ್ನೆ ಕೂರಲು ಆಗಲಿಲ್ಲ.

ಅದು 2024ರ ಅಕ್ಟೋಬರ್. ಮಗಳು ಇರುವುದು ಪೆನ್ಸಿಲ್ವೇನಿಯಾದಲ್ಲಿ. ಅವಳಿಗೂ ಅಳಿಯನಿಗೂ ಓಟಿಲ್ಲ, ಇನ್ನೂ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾರೆ. ಆದರೂ ದಿನಾ ಅಂಚೆಪೆಟ್ಟಿಗೆ ತುಂಬ ಹೊಳೆಯುವ ಕಾರ್ಡುಗಳು ಬರುತ್ತಿದ್ದವು. ಟ್ರಂಪ್ ಬಂದರೆ ಹೀಗಾಗುತ್ತದೆ, ಹ್ಯಾರಿಸ್ ಬಂದರೆ ಹಾಗಾಗುತ್ತದೆ. ಹಳೇ ಬಾಡಿಗೆದಾರರ ಹೆಸರಿಗೆ ಬಂದವೂ ಇದ್ದವು. ಟಿವಿ ಹಾಕಿದರೆ ಒಂದರ ಹಿಂದೆ ಒಂದು ಜಾಹೀರಾತು. ಪೆನ್ಸಿಲ್ವೇನಿಯಾಕ್ಕೆ 19 ಎಲೆಕ್ಟೋರಲ್ ಓಟು (ಅಧ್ಯಕ್ಷರನ್ನು ಆರಿಸುವ ಲೆಕ್ಕದಲ್ಲಿ ರಾಜ್ಯದ ಪಾಲು), ಯಾವ ಕಡೆಗೆ ವಾಲುತ್ತದೋ ಯಾರಿಗೂ ಗೊತ್ತಿಲ್ಲ, ಅದಕ್ಕೇ ಈ ಉಪಚಾರ. ಪಕ್ಕದ ಒಹಾಯೊಗೂ 17 ಇದೆ. ಆದರೆ ಅಧ್ಯಕ್ಷ ಚುನಾವಣೆಯ ಮಟ್ಟಿಗೆ ಅದು ಟ್ರಂಪ್‌ಗೇ ಅಂತ ಎರಡೂ ಪಾರ್ಟಿಗಳು ಲೆಕ್ಕವನ್ನು ಆಗಲೇ ಮುಗಿಸಿಬಿಟ್ಟಿದ್ದವು.

ಇದೇ ಒಹಾಯೊ 1964ರಿಂದ 2016ರವರೆಗೆ ಪ್ರತಿ ಸಲವೂ ಗೆದ್ದ ಅಧ್ಯಕ್ಷನಿಗೇ ಓಟು ಹಾಕಿತ್ತು. ಡೆಮಾಕ್ರಟಿಕ್ ಪಾರ್ಟಿಯ ಒಬಾಮಗೆ ಎರಡು ಸಲ ಹಾಕಿತ್ತು. ಆಮೇಲೆ 2016ರಲ್ಲೂ 2020ರಲ್ಲೂ ರಿಪಬ್ಲಿಕನ್ ಪಾರ್ಟಿಯ ಟ್ರಂಪ್‌ಗೆ ಎಂಟು ಅಂಕದ (ನೂರಕ್ಕೆ ಎಂಟು ಓಟಿನ) ಅಂತರದ ಗೆಲುವು ಕೊಟ್ಟಿತು. ಇಷ್ಟು ಬೇಗ ಒಂದು ರಾಜ್ಯ ಹೇಗೆ ಮಗ್ಗುಲು ಬದಲಿಸಿತು? ನನ್ನ ಕುತೂಹಲ ಅದು.

ಹೋಗುವ ದಾರಿಯ ಬಗ್ಗೆ ಒಂದು ಮಾತು, ಯಾಕೆಂದರೆ ಹೊಟ್ಟೆ ಇನ್ನೂ ಉರಿಯುತ್ತಿದೆ. ಅಳಿಯನ ಕಾರು ರಿಪೇರಿಗೆ ಹೋಗಿತ್ತು, ಬಾಡಿಗೆ ಕಾರು ತಗೊಂಡೆವು. ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ನಲ್ಲಿ 2020ರಿಂದ ನಗದು ತಗೊಳ್ಳುವುದೇ ಇಲ್ಲ. ನಂಬರ್ ಪ್ಲೇಟಿನ ಫೋಟೊ ತೆಗೆದು ಕಾರಿನ ಮಾಲೀಕರಿಗೆ ಬಿಲ್ ಕಳಿಸುತ್ತಾರೆ. ಇಲ್ಲಿ ಮಾಲೀಕರು ಬಾಡಿಗೆ ಕಂಪನಿ. ಅವರು ಟೋಲಿನ ಮೇಲೆ ತಮ್ಮದೊಂದು 'ಸೇವಾ ಶುಲ್ಕ' ಸೇರಿಸಿ, ಅದನ್ನು ಕಾರು ನಮ್ಮ ಹತ್ತಿರ ಇದ್ದ ಎಲ್ಲಾ ದಿನಕ್ಕೂ ಗುಣಿಸಿ ಕಳಿಸಿದರು. ಟೋಲಿಗಿಂತ ಶುಲ್ಕವೇ ಜಾಸ್ತಿ. ಬಾಡಿಗೆ ಕಾರಿನಲ್ಲಿ ಹೋಗುವವರು ಮ್ಯಾಪ್‌ನಲ್ಲಿ ಟೋಲ್ ಬೇಡ ಅಂತ ಒತ್ತಿ, ಹಳ್ಳಿಗಳ ಮೇಲೆ ಹಾದು ಹೋಗಿ. ಮೇಪಲ್ ಎಲೆ ಕೆಂಪಾಗಿರುವ ಕಾಲದಲ್ಲಿ ಆ ದಾರಿಯೇ ಚೆಂದ. ನಮ್ಮ ಫಾಸ್ಟ್ಯಾಗ್ ಎಷ್ಟೋ ವಾಸಿ.

ಯಂಗ್ಸ್‌ಟೌನ್‌ನಲ್ಲಿ 1930ರ ಹೊತ್ತಿಗೆ 1,70,000 ಜನ ಇದ್ದರು. ಈಗ 60,000. ಅಂಕಿ ಓದಿದಾಗ ಏನೂ ಅನಿಸಲಿಲ್ಲ. ರಸ್ತೆಯಲ್ಲಿ ಹೋಗುವಾಗ ಅನಿಸಿತು. ಎರಡು ಮನೆ, ಆಮೇಲೆ ಹುಲ್ಲು, ಒಂದು ಮನೆ, ಮತ್ತೆ ಹುಲ್ಲು. ಹುಲ್ಲಿನ ಜಾಗದಲ್ಲಿ ಫುಟ್‌ಪಾತಿನಿಂದ ಎರಡು ಮೆಟ್ಟಿಲು ಮೇಲೆ ಹೋಗುತ್ತವೆ, ಅದರಾಚೆ ಮನೆಯಿಲ್ಲ. ಖಾಲಿ ಮನೆಗಳನ್ನು ಒಡೆಸಿದ್ದಾರೆ, ಮೆಟ್ಟಿಲು ಹಾಗೇ ಬಿಟ್ಟಿದ್ದಾರೆ.

ಊರಿನ ಉಕ್ಕಿನ ಮ್ಯೂಸಿಯಂ ಅನ್ನು ವಿನ್ಯಾಸ ಮಾಡಿದವರು ಹೆಸರಾಂತ ವಾಸ್ತುಶಿಲ್ಪಿ ಮೈಕಲ್ ಗ್ರೇವ್ಸ್. ಕಟ್ಟಡ ನನಗೇನೂ ಹಿಡಿಸಲಿಲ್ಲ. ಒಳಗೆ ಕ್ಯಾಂಪ್‌ಬೆಲ್ ವರ್ಕ್ಸ್ ಕಾರ್ಖಾನೆಯ ಲಾಕರ್ ರೂಮಿನ ಒಂದು ಭಾಗ ಇಟ್ಟಿದ್ದಾರೆ, ಅದರ ಮುಂದೆ ಮಾತ್ರ ಬಹಳ ಹೊತ್ತು ನಿಂತೆ. 1977ರ ಸೆಪ್ಟೆಂಬರ್ 19, ಸೋಮವಾರ. ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ಈ ಕಾರ್ಖಾನೆಯನ್ನು ಮುಚ್ಚುತ್ತೇವೆ ಎಂದು ಹೇಳಿತು. ಸುಮಾರು 5,000 ಕೆಲಸ ಹೋಯಿತು. ಕಂಪನಿಯ ಹೊಸ ಯಜಮಾನರು ದೂರದ ನ್ಯೂ ಆರ್ಲಿಯನ್ಸ್‌ನವರು. ಊರಿನವರು ಈಗಲೂ ಆ ದಿನವನ್ನು 'ಕಪ್ಪು ಸೋಮವಾರ' ಅಂತಲೇ ಕರೆಯುತ್ತಾರೆ. ಮುಂದಿನ ಕೆಲವು ವರ್ಷಗಳಲ್ಲಿ ಉಳಿದ ದೊಡ್ಡ ಕಾರ್ಖಾನೆಗಳೂ ಒಂದೊಂದಾಗಿ ಹೋದವು.

ನನಗೆ ಆಶ್ಚರ್ಯ ಆದದ್ದು ಇಲ್ಲಿ. ಅಷ್ಟು ದೊಡ್ಡ ಪೆಟ್ಟು ಬಿದ್ದಾಗ ಅಧ್ಯಕ್ಷರಾಗಿದ್ದವರು ಡೆಮಾಕ್ರಟಿಕ್ ಪಾರ್ಟಿಯ ಜಿಮ್ಮಿ ಕಾರ್ಟರ್. ಆದರೂ ಊರು ಆ ಪಾರ್ಟಿಯನ್ನು ಬಿಡಲಿಲ್ಲ. ಯಂಗ್ಸ್‌ಟೌನ್ ಇರುವ ಮಹೋನಿಂಗ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ರಿಪಬ್ಲಿಕನ್ ರೇಗನ್ ಕಾಲದಲ್ಲೂ ಅಲುಗಾಡಲಿಲ್ಲ. 1972ರಲ್ಲಿ ನಿಕ್ಸನ್ ಗೆದ್ದ ಮೇಲೆ ಇಲ್ಲಿ ಗೆದ್ದ ರಿಪಬ್ಲಿಕನ್ ಅಂದರೆ 2020ರಲ್ಲಿ ಟ್ರಂಪ್. ನಡುವೆ ಹತ್ತಿರ ಹತ್ತಿರ ಐವತ್ತು ವರ್ಷ! ಕೆಲಸ ಹೋದ ಸಿಟ್ಟಿಗೆ ಜನ ಪಾರ್ಟಿ ಬದಲಿಸಿದರು ಅಂತ ಟಿವಿಯಲ್ಲಿ ಸಲೀಸಾಗಿ ಹೇಳುತ್ತಾರಲ್ಲ, ಹಾಗಿದ್ದರೆ ಆ ಸಿಟ್ಟು ಅಷ್ಟು ವರ್ಷ ಎಲ್ಲಿತ್ತು?

ಉತ್ತರದ ಒಂದು ತುಂಡು ಸಿಕ್ಕಿದ್ದು ಬಟ್ಲರ್ ಕಲಾ ಸಂಗ್ರಹಾಲಯದಲ್ಲಿ. 1919ರಲ್ಲಿ ಶುರುವಾದದ್ದು, ಬರೀ ಅಮೆರಿಕದ ಕಲೆಗಾಗಿ. ಪ್ರವೇಶ ಉಚಿತ. ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂಗಳ ಜನಜಂಗುಳಿಗಿಂತ ನನಗೆ ಇದೇ ಇಷ್ಟವಾಯಿತು. ಅಲ್ಲಿ ಒಬ್ಬ ಕಪ್ಪು ಮಹಿಳೆ ಪರಿಚಯವಾದರು, ನನ್ನದೇ ವಯಸ್ಸಿನವರು. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಅಂತ ಕೇಳಿದರು. ಹೇಳಿದೆ. ಅವರು ನಕ್ಕರು.

"ಪ್ರತಿ ಚುನಾವಣೆಗೂ ಪತ್ರಕರ್ತರು ಬರ್ತಾರೆ. ಹೋಟೆಲಿನಲ್ಲಿ ಕೂತ ಬಿಳಿ ಕಾರ್ಮಿಕನನ್ನು ಮಾತಾಡಿಸಿ ಹೋಗ್ತಾರೆ. ನಮ್ಮಪ್ಪನೂ ಅದೇ ಕಾರ್ಖಾನೆಯಲ್ಲಿ ಕೋಕ್ ಒಲೆ ಮುಂದೆ ಬೆಂದವರು. ನಮ್ಮನ್ನು ಯಾರೂ ಕೇಳಲ್ಲ."

ಒಳ್ಳೆ ಕೆಲಸಗಳು ಕಪ್ಪು ಜನರಿಗೆ ಸಿಗುತ್ತಲೇ ಇರಲಿಲ್ಲವಂತೆ. 1974ರಲ್ಲಿ ಕೇಂದ್ರ ಸರ್ಕಾರ, ಉಕ್ಕಿನ ಕಂಪನಿಗಳು ಮತ್ತು ಯೂನಿಯನ್ ಸೇರಿ ಕೋರ್ಟಿನಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಬಾಗಿಲು ತೆರೆಯಿತು. ಮೂರೇ ವರ್ಷಕ್ಕೆ ಕಾರ್ಖಾನೆಯೇ ಮುಚ್ಚಿತು. ಆಕೆ ಈಗಲೂ ಡೆಮಾಕ್ರಟಿಕ್ ಪಾರ್ಟಿಗೇ ಹಾಕುತ್ತಾರೆ. ಮಗ? "ಅವನು ಯಾರಿಗೂ ಹಾಕಲ್ಲ. ಒಬಾಮಗೆ ಹಾಕಿದ್ದೇ ಕೊನೆ." ಈ ಊರಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಕಪ್ಪು ಜನಾಂಗದವರು. ಪಾರ್ಟಿ ಬದಲಿಸಿದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಮನೆಯಲ್ಲೇ ಉಳಿದವರನ್ನು ಯಾರು ಎಣಿಸುತ್ತಾರೆ?

ಇನ್ನು ಪಿಜ್ಜಾ ವಿಷಯ. ಬ್ರಯರ್ ಹಿಲ್ ಅಂತ ಒಂದು ಬಡಾವಣೆ. ಕುಲುಮೆಗಳ ಪಕ್ಕ ಇಟಲಿಯಿಂದ ಬಂದವರು ನೆಲೆಸಿದ ಜಾಗ. ಅಲ್ಲಿನ ಪಿಜ್ಜಾಗೆ ಗಟ್ಟಿ ಟೊಮೆಟೊ ಗೊಜ್ಜು, ದಪ್ಪ ಮೆಣಸಿನಕಾಯಿ, ಮೇಲೆ ತುರಿದ ರೊಮಾನೊ ಚೀಸ್. ನೂಲಿನಂತೆ ಎಳೆಯುವ ಚೀಸ್ ಇಲ್ಲ, ಮಾಂಸ ಇಲ್ಲ. ಅಮೆರಿಕದಲ್ಲಿ ನಾನು ತಿಂದ ಪಿಜ್ಜಾಗಳಲ್ಲಿ ಬಾಯಿಗೆ ಹತ್ತಿದ್ದು ಇದೊಂದೇ. ಮಾರುವುದು ಚರ್ಚಿನವರು, ಮಾಡುವವರು ನಿವೃತ್ತರು. ಮೊದಲೇ ಹೇಳಿಡದೆ ಹೋದರೆ ಕಾಯಬೇಕು. ನಾವು ಕಾದೆವು. ಕೌಂಟರಿನಲ್ಲಿ ಒಬ್ಬ ಹಿರಿಯರು ರಟ್ಟಿನ ಡಬ್ಬ ಮಡಚುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಚೀಟಿ ಬರೆಯುತ್ತಿದ್ದರು. ನನ್ನ ಕೈಗೂ ಒಂದಿಷ್ಟು ರಟ್ಟು ಕೊಟ್ಟರು. ಮಡಚುತ್ತಾ ಮಾತು ಶುರುವಾಯಿತು.

ಹಿರಿಯರ ಅಪ್ಪ ಕ್ಯಾಂಪ್‌ಬೆಲ್ ವರ್ಕ್ಸ್‌ನವರು. ಇವರು ಲಾರ್ಡ್ಸ್‌ಟೌನ್‌ನ ಜನರಲ್ ಮೋಟಾರ್ಸ್ (ಜಿಎಂ) ಕಾರು ಕಾರ್ಖಾನೆಯಲ್ಲಿ ಇದ್ದವರು. "ಮನೆಯಲ್ಲಿ ಪೋಪ್ ಫೋಟೊ, ಕೆನಡಿ ಫೋಟೊ ಅಕ್ಕಪಕ್ಕ ಇದ್ದವು. ನಾವು ಡೆಮಾಕ್ರಟಿಕ್ ಪಾರ್ಟಿ ಅಂತ ಯಾರೂ ಹೇಳಿಕೊಡಲಿಲ್ಲ. ಯೂನಿಯನ್ ಚೀಟಿ ಬರ್ತಿತ್ತು, ಅದರಲ್ಲಿದ್ದ ಹೆಸರಿಗೆ ಹಾಕ್ತಿದ್ದೆವು."

ಮೊದಲು ಚುರುಕು ಮುಟ್ಟಿಸಿದ್ದು ನಾಫ್ಟಾ. ಮೆಕ್ಸಿಕೊ, ಕೆನಡಾ ಜೊತೆಗಿನ ಈ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಸಿದ್ದು ರಿಪಬ್ಲಿಕನ್ ಬುಷ್. ಆದರೆ 1993ರಲ್ಲಿ ಅದನ್ನು ಕಾಯ್ದೆ ಮಾಡಿಸಿದ್ದು ಡೆಮಾಕ್ರಟಿಕ್ ಪಾರ್ಟಿಯ ಕ್ಲಿಂಟನ್. "ಬುಷ್ ಮಾಡಿದ್ದರೆ ಬೈದು ಸುಮ್ಮನಾಗ್ತಿದ್ದೆವು. ನಮ್ಮವನೇ ಮಾಡಿದ ನೋಡಿ."

ಆದರೆ ಆಗಲೂ ಇವರು ಪಾರ್ಟಿ ಬಿಡಲಿಲ್ಲ. 2009ರಲ್ಲಿ ಜಿಎಂ ದಿವಾಳಿ ಅರ್ಜಿ ಹಾಕಿದಾಗ ಒಬಾಮ ಸರ್ಕಾರ ಹಣ ಹಾಕಿ ಎತ್ತಿ ನಿಲ್ಲಿಸಿತು. ಲಾರ್ಡ್ಸ್‌ಟೌನ್‌ನಲ್ಲಿ ಕ್ರೂಜ್ ಕಾರು ತಯಾರಾಗತೊಡಗಿತು. ಹೆಂಡತಿ ಶಾಲೆಯಲ್ಲಿ ಟೀಚರ್. ಅವರು ಚೀಟಿಯಿಂದ ತಲೆ ಎತ್ತದೆ ಹೇಳಿದರು: "2011 ಮರೀಬೇಡ." ಆ ವರ್ಷ ರಿಪಬ್ಲಿಕನ್ ಗವರ್ನರ್ ಕೇಸಿಕ್, ಸರ್ಕಾರಿ ನೌಕರರ ಯೂನಿಯನ್ ಹಕ್ಕು ಮೊಟಕು ಮಾಡುವ ಕಾಯ್ದೆ ತಂದಿದ್ದರು. ನವೆಂಬರಿನಲ್ಲಿ ಜನಮತಕ್ಕೆ ಹೋದಾಗ ನೂರಕ್ಕೆ 61ಕ್ಕೂ ಹೆಚ್ಚು ಜನ ಅದನ್ನು ಕಿತ್ತುಹಾಕಿದರು. ಮರುವರ್ಷ ಒಬಾಮ ಎದುರು ನಿಂತ ರೋಮ್ನಿ, ಕಾರು ಕಂಪನಿಗಳಿಗೆ ಸರ್ಕಾರಿ ಹಣ ಬೇಡ, ದಿವಾಳಿ ಕೋರ್ಟಿಗೇ ಹೋಗಲಿ ಅಂತ ಹಿಂದೆ ಬರೆದಿದ್ದವರು. ಮಹೋನಿಂಗ್ ಕೌಂಟಿಯಲ್ಲಿ ಒಬಾಮಗೆ ಬಿದ್ದದ್ದು ನೂರಕ್ಕೆ 63ರ ಆಸುಪಾಸು.

ನಾಲ್ಕೇ ವರ್ಷ. 2016ರಲ್ಲಿ ಹಿಲರಿ ಕ್ಲಿಂಟನ್ ಇಲ್ಲಿ ಸುಮಾರು ಮೂರು ಅಂಕದಲ್ಲಿ ಬಚಾವಾದರು. ಪಕ್ಕದ ಟ್ರಂಬುಲ್ ಕೌಂಟಿ ಕೈತಪ್ಪಿತು. ಲಾರ್ಡ್ಸ್‌ಟೌನ್ ಇರುವುದು ಅಲ್ಲೇ.

"ಏನಾಯ್ತು?" ಅಂದೆ.

"ಮಾರ್ಚ್‌ನಲ್ಲಿ ಪ್ರೈಮರಿ, ಪಾರ್ಟಿಯ ಅಭ್ಯರ್ಥಿಯನ್ನು ಆರಿಸೋ ಚುನಾವಣೆ. ಒಹಾಯೊದಲ್ಲಿ ಮೊದಲೇ ಪಾರ್ಟಿ ಹೆಸರಲ್ಲಿ ನೋಂದಾಯಿಸೋ ಪದ್ಧತಿ ಇಲ್ಲ. ಮತಗಟ್ಟೆಯಲ್ಲಿ ಯಾವ ಪಾರ್ಟಿಯ ಬ್ಯಾಲಟ್ ಕೇಳ್ತೀರೋ ನೀವು ಆ ಪಾರ್ಟಿ. ಮೇಜಿನ ಹಿಂದೆ ಕೂತಿದ್ದವಳು ಪಕ್ಕದ ಬೀದಿಯವಳು. ನನ್ನ ಮುಖ ನೋಡದೇ ಡೆಮಾಕ್ರಟಿಕ್ ಬ್ಯಾಲಟ್‌ಗೆ ಕೈ ಹಾಕಿದಳು. ನಾನು ಬೇಡ, ಆ ಇನ್ನೊಂದು ಕೊಡು ಅಂದೆ. ಆಗ ಮುಖ ನೋಡಿದಳು." ಅವರು ಡಬ್ಬ ಮಡಚುವುದನ್ನು ನಿಲ್ಲಿಸಿದರು. "ನವೆಂಬರಿನ ಓಟು ಗುಟ್ಟಿನದು. ಕಷ್ಟವಾಗಿದ್ದು ಇದು."

ಆ ಮಾರ್ಚಿನಲ್ಲಿ ಕೌಂಟಿಯ ಸಾವಿರಾರು ಡೆಮಾಕ್ರಟಿಕ್ ಮತದಾರರು ಹೀಗೇ ಮಾಡಿದರು. ಪಾರ್ಟಿಯ ಕೌಂಟಿ ಅಧ್ಯಕ್ಷರು ಮೇ ತಿಂಗಳಲ್ಲೇ ಹಿಲರಿ ಪ್ರಚಾರದವರಿಗೆ ಎಚ್ಚರಿಕೆಯ ಪತ್ರ ಬರೆದರು. ಕೈ ಕೆಸರು ಮಾಡಿಕೊಂಡು ದುಡಿಯುವವರ ಮುಂದೆ 'ಮರುತರಬೇತಿ' ಅಂತ ಹೇಳುತ್ತಾ ಕೂತರೆ ಓಟು ಹೋಗುತ್ತದೆ ಎಂಬುದು ಅದರ ಸಾರ. ಕೇಳಿದವರು ಯಾರು!

ನಾನು ಕೇಳಲೇಬೇಕಿದ್ದ ಪ್ರಶ್ನೆ ಒಂದಿತ್ತು. 2017ರ ಜುಲೈನಲ್ಲಿ ಟ್ರಂಪ್ ಇದೇ ಊರಿಗೆ ಬಂದು, ಕೆಲಸಗಳು ವಾಪಸ್ ಬರುತ್ತವೆ, ಮನೆ ಮಾರಬೇಡಿ ಅಂದಿದ್ದರು. ಮುಂದಿನ ವರ್ಷದ ನವೆಂಬರಿನಲ್ಲಿ ಜಿಎಂ ಲಾರ್ಡ್ಸ್‌ಟೌನ್ ನಿಲ್ಲಿಸುವುದಾಗಿ ಹೇಳಿತು. 2019ರ ಮಾರ್ಚ್‌ನಲ್ಲಿ ಕೊನೆಯ ಕ್ರೂಜ್ ಹೊರಬಂತು. "ಮಾತು ತಪ್ಪಿದ ಮೇಲೂ ಯಾಕೆ?"

"ಮಾತು ತಪ್ಪಿದ, ಹೌದು. ನಾನು ವಾರವೆಲ್ಲ ಟೊಲೆಡೊದಲ್ಲಿ ದುಡಿದು ಶನಿವಾರ ಮನೆಗೆ ಬರ್ತಿದ್ದೆ. ನನಗೆ ಗೊತ್ತಿಲ್ವಾ? ಆದರೆ ಅವನು ಜಿಎಂ ಮುಖ್ಯಸ್ಥೆಯನ್ನು ಹೆಸರು ಹಿಡಿದು ಬೈದ. ದೇಶಕ್ಕೆಲ್ಲ ಕೇಳೋ ಹಾಗೆ. ಅಪ್ಪನ ಕಾರ್ಖಾನೆ ಮುಚ್ಚಿದಾಗ ವಾಷಿಂಗ್ಟನ್‌ನಲ್ಲಿ ಒಬ್ಬನೂ ಹಾಗೆ ಬೈಲಿಲ್ಲ."

"ಬೈದರೆ ಸಂಬಳ ಬರುತ್ತಾ?" ಇದು ಹೆಂಡತಿ. ಇದು ಅವರ ಮನೆಯ ಹಳೇ ಜಗಳ ಅಂತ ಕಂಡಿತು. ಆಕೆಯ ಓಟು ಹ್ಯಾರಿಸ್‌ಗೆ. 2023ರಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ಜನಮತ ನಡೆದು, ಇದೇ ಟ್ರಂಪ್ ಗೆದ್ದ ಒಹಾಯೊದಲ್ಲಿ ನೂರಕ್ಕೆ ಸುಮಾರು 57 ಜನ ಹೌದು ಅಂದಿದ್ದರು. "ಇವರೂ ಹೌದು ಅಂತಲೇ ಹಾಕಿದ್ದು, ಕೇಳಿ ಬೇಕಾದರೆ." ಅವರು ಇಲ್ಲ ಅನ್ನಲಿಲ್ಲ.

ಹೊಸ ಬ್ಯಾಟರಿ ಕಾರ್ಖಾನೆ ಬಂದಿದೆಯಲ್ಲ ಅಂದೆ. ಜಿಎಂ ಮತ್ತು ಎಲ್‌ಜಿ ಸೇರಿ ಲಾರ್ಡ್ಸ್‌ಟೌನ್‌ನಲ್ಲೇ ಕಟ್ಟಿದ್ದು. ಘೋಷಣೆ ಆದದ್ದು ಟ್ರಂಪ್ ಕಾಲದಲ್ಲಿ, ಕೆಲಸ ಶುರುವಾದದ್ದು ಬೈಡನ್ ಕಾಲದಲ್ಲಿ. 2022ರ ಡಿಸೆಂಬರಿನಲ್ಲಿ ಅಲ್ಲಿನವರು ಯೂನಿಯನ್ ಸೇರಿದರು, ಆಮೇಲೆ ಸಂಬಳವೂ ಏರಿತು. "ಒಳ್ಳೇದೇ. ಆದರೆ ಅಲ್ಲಿರೋ ಹುಡುಗರಿಗೆ ಪೋಪ್ ಪಕ್ಕ ಕೆನಡಿ ಫೋಟೊ ಗೊತ್ತಿಲ್ಲ. ಕೆಲಸ ಕೊಟ್ಟ ಮಾತ್ರಕ್ಕೆ ಓಟು ಬರೋ ಕಾಲ ಹೋಯ್ತು."

ಕೊನೆಗೆ ಅವರೇ ಕೇಳಿದರು, ನಿಮ್ಮೂರಲ್ಲಿ ಹೇಗೆ? ಭದ್ರಾವತಿ ಕಾರ್ಖಾನೆ ಮುಚ್ಚಲು 2023ರ ಜನವರಿಯಲ್ಲಿ ತೀರ್ಮಾನ ಆದದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕೂತದ್ದು, ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಶುರುವಾದದ್ದು ಹೇಳಿದೆ. ಆ ವರ್ಷ ವಿಧಾನಸಭೆಗೆ ಗೆದ್ದದ್ದು ಕಾಂಗ್ರೆಸ್, ಮರುವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದದ್ದು ಬಿಜೆಪಿ ಅಂದೆ. "ಹಾಗಾದರೆ ನಿಮ್ಮವರು ಬುದ್ಧಿವಂತರು, ಇಬ್ಬರನ್ನೂ ಓಡಾಡಿಸ್ತಾರೆ," ಅಂದರು. ತಾವೂ ಈ ಸಲ ಅದನ್ನೇ ಮಾಡುವವರಂತೆ. ಅಧ್ಯಕ್ಷರಿಗೆ ಟ್ರಂಪ್, ಸೆನೆಟ್‌ಗೆ ಡೆಮಾಕ್ರಟಿಕ್ ಪಾರ್ಟಿಯ ಶೆರಾಡ್ ಬ್ರೌನ್. 1993ರಲ್ಲಿ ಸಂಸದರಾಗಿದ್ದ ಬ್ರೌನ್ ಸ್ವಂತ ಪಾರ್ಟಿಯ ಅಧ್ಯಕ್ಷರ ವಿರುದ್ಧವೇ ನಾಫ್ಟಾಗೆ ಇಲ್ಲ ಅಂದಿದ್ದವರು. ಇವರು ಅದನ್ನು ಮೂವತ್ತು ವರ್ಷ ನೆನಪಿಟ್ಟುಕೊಂಡಿದ್ದಾರೆ.

ಉಳಿದ ದಿನಗಳು ವಾಷಿಂಗ್ಟನ್, ಫಿಲಡೆಲ್ಫಿಯಾ ಅಂತ ಕಳೆದವು. ಎಲ್ಲರೂ ನೋಡುವ ಜಾಗಗಳು, ಎಲ್ಲರೂ ತೆಗೆಯುವ ಫೋಟೊಗಳು.

ನವೆಂಬರ್ 5ರ ಚುನಾವಣೆಯಲ್ಲಿ ಟ್ರಂಪ್ ಒಹಾಯೊವನ್ನು 11 ಅಂಕದಲ್ಲಿ ಗೆದ್ದರು. ಮಹೋನಿಂಗ್‌ನಲ್ಲೂ ಅವರ ಅಂತರ ಹಿಂದಿಗಿಂತ ಹಿಗ್ಗಿತು. ಬ್ರೌನ್‌ಗೆ ರಾಜ್ಯದಲ್ಲಿ ಹ್ಯಾರಿಸ್‌ಗಿಂತ ಒಂದು ಲಕ್ಷಕ್ಕೂ ಹೆಚ್ಚು ಓಟು ಬಿದ್ದವು. ಆದರೂ ರಿಪಬ್ಲಿಕನ್ ಬರ್ನಿ ಮೊರೇನೊ ಎದುರು ಸುಮಾರು ಎರಡು ಲಕ್ಷದಲ್ಲಿ ಸೋತರು. ಉಪಾಧ್ಯಕ್ಷರಾದ ವ್ಯಾನ್ಸ್ ಬಿಟ್ಟುಹೋದ ಸೆನೆಟ್ ಸೀಟಿಗೆ 2026ರಲ್ಲಿ ಬ್ರೌನ್ ಮತ್ತೆ ನಿಲ್ಲುವುದಾಗಿ ಹೇಳಿದ್ದಾರೆ. ಪಿಜ್ಜಾ ಕೌಂಟರಿನ ದಂಪತಿಗೆ ಆ ಒಂದು ಓಟಿನ ಮಟ್ಟಿಗಾದರೂ ಜಗಳ ಇರಲಿಕ್ಕಿಲ್ಲ.