ಹಿಂದಿನ ಕುರ್ಚಿಯಲ್ಲಿ ಕುಳಿತ ದಿನ

ಹುಬ್ಬಳ್ಳಿ, 21 ನವೆಂಬರ್ 2025, ಶುಕ್ರವಾರ

ಇಂದು ಪಾಲು ವಿಭಾಗದ ದಾವೆಯೊಂದರಲ್ಲಿ ಪ್ರತಿವಾದಿಯ ಪಾಟೀಸವಾಲನ್ನು ನಮ್ಮ ಕಚೇರಿಯ ಕಿರಿಯ ವಕೀಲೆಯೇ ನಡೆಸಿದರು. ನಾನು ಅವರ ಹಿಂದಿನ ಕುರ್ಚಿಯಲ್ಲಿದ್ದೆ. ಎದ್ದು ವಾದಿಸುವುದಕ್ಕಿಂತ ಸುಮ್ಮನೆ ಕೂಡುವುದು ಇಷ್ಟು ಕಷ್ಟವೆಂದು 26 ವರ್ಷಗಳ ವೃತ್ತಿಯಲ್ಲಿ ನನಗೆ ತಿಳಿದಿರಲಿಲ್ಲ.

ಇದರ ಮೂಲ ಆಗಸ್ಟ್ ತಿಂಗಳಿನ ಇನ್ನೊಂದು ಪ್ರಕರಣದಲ್ಲಿದೆ. ಸಮನ್ಸ್ ಜಾರಿಯಾದ 30 ದಿನಗಳೊಳಗೆ ಕೈಫಿಯತ್ತು, ಅಂದರೆ ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ, ಸಲ್ಲಿಸಬೇಕು, ಕಾರಣ ದಾಖಲಿಸಿ ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ಕೊಡಬಹುದು ಎಂಬ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮವನ್ನು ಕಾನೂನು ವಿದ್ಯಾರ್ಥಿಯೂ ಬಲ್ಲ. ಆದರೂ ನಮ್ಮ ಕೈಫಿಯತ್ತು ಸಲ್ಲಿಕೆಯಾದದ್ದು 88ನೆಯ ದಿನ. ಕರಡು ಮೂರು ವಾರ ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. ಕಾರಕೂನರಿಗೆ ಅದು ಗೊತ್ತಿತ್ತು, ಕಿರಿಯರಿಗೂ ಗೊತ್ತಿತ್ತು. ‘ಸರ್ ನೋಡ್ತಾರ, ನಾವ್ಯಾಕ ಕೇಳೂದು ಅಂತ ಸುಮ್ಮನಿದ್ವಿ’ ಎಂದರು. ನನ್ನೆದುರು ಬಾಯಿ ಬಿಡಲು ಹಿಂಜರಿಯುವ ಕಚೇರಿಯನ್ನು ಕಟ್ಟಿದವನು ನಾನೇ ಎಂಬ ಅರಿವು ಬಹಳ ದಿನ ಕಾಡಿತು.

1961ರ ವಕೀಲರ ಅಧಿನಿಯಮದ 16ನೆಯ ಕಲಮು ಹಿರಿಯ ವಕೀಲರನ್ನು ಗುರುತಿಸಲು ಸಾಮರ್ಥ್ಯ, ವಕೀಲ ವೃಂದದಲ್ಲಿನ ಸ್ಥಾನ, ಕಾನೂನಿನ ವಿಶೇಷ ಜ್ಞಾನ ಅಥವಾ ಅನುಭವವನ್ನು ನೋಡುತ್ತದೆ. ಜನರನ್ನು ಬೆಳೆಸುವ ಮಾತು ಅಲ್ಲಿಲ್ಲ. ನನಗೆ ಆ ಪದವಿ ಇಲ್ಲ, ವಯಸ್ಸಿನಿಂದಷ್ಟೇ ಸೀನಿಯರ್ ಆದವನು. ನಮ್ಮಂಥವರಿಗಂತೂ ಇದನ್ನು ಯಾರೂ ಕಲಿಸಲಿಲ್ಲ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದ ಮೇಲೆ ನನ್ನ ಕಚೇರಿಯ ಫೈಲುಗಳು ಹೆಚ್ಚಿದವು, ಆದರೆ ಕೆಲಸದ ಹಂಚಿಕೆ ಮಾತ್ರ ಒಬ್ಬ ವಕೀಲ, ಒಬ್ಬ ಕಾರಕೂನರಿದ್ದ ಕಾಲದ್ದೇ ಉಳಿಯಿತು.

ಸೆಪ್ಟೆಂಬರಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರೂ ಕೂಡಿ ಕೂಡುತ್ತೇವೆ. ಪ್ರತಿ ಫೈಲಿಗೂ ಒಬ್ಬರ ಹೆಸರು, ಒಂದು ಕೊನೆಯ ದಿನಾಂಕ. ನನ್ನ ಹೆಸರಿನ ಬಾಕಿಯನ್ನು ಕಾರಕೂನರೇ ಮೊದಲು ಓದುತ್ತಾರೆ. ಮೊದಲ ವಾರ ಅವರ ದನಿ ನಡುಗುತ್ತಿತ್ತು.

ಇಂದು ಕೋರ್ಟಿನಲ್ಲಿ ಎರಡು ಚೀಟಿ ಬರೆದೆ. ಒಂದನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಇನ್ನೊಂದನ್ನು ಮುಂದೆ ಸರಿಸಿದಾಗ ಅವರು ಓದಿ, ಫೈಲಿನ ಕೆಳಗಿಟ್ಟು, ತಮ್ಮದೇ ಪ್ರಶ್ನೆ ಕೇಳಿದರು: ವಾಟ್ನಿ ಪತ್ರಕ್ಕೆ (ಆಸ್ತಿ ಪಾಲಿನ ಪತ್ರಕ್ಕೆ) ಸಹಿಯಾದ ದಿನ ನೀವು ಊರಿನಲ್ಲಿದ್ದಿರಾ? ಸಾಕ್ಷಿ ತಡವರಿಸಿದರು. ನಾನು ಬರೆದದ್ದು ಅದಕ್ಕಿಂತ ಮೊಂಡು ಪ್ರಶ್ನೆಯಾಗಿತ್ತು.

ಗದಗಿನ ಮುಂದಿನ ಮುದ್ದತ್ತಿಗೆ, ಅಂದರೆ ವಿಚಾರಣೆಯ ದಿನಕ್ಕೆ, ಅವರೊಬ್ಬರೇ ಹೋಗುತ್ತಾರೆ. ಕಕ್ಷಿದಾರರಿಗೆ ಸಂಜೆ ನಾನೇ ಫೋನ್ ಮಾಡಿ ತಿಳಿಸಿದೆ.