ವವಾಉನಿಂದ ಓಪುವಾಗೆ: ಹೊರಡುವ ಮುಂಚಿನ ಕೆಲಸಗಳು

ನಾವಿನ್ನೂ ಟೋಂಗಾದಲ್ಲೇ ಇದ್ದೇವೆ, ವವಾಉ ದ್ವೀಪಗಳ ನೆಯಾಫು ಬಂದರಿನಲ್ಲಿ. ಹೋಗಬೇಕಿರುವುದು ನ್ಯೂಜಿಲೆಂಡ್‌ನ ಉತ್ತರ ಭಾಗದ ಓಪುವಾ ಬಂದರಿಗೆ. ದೋಣಿ ಮುಕ್ಕಾಲು ಪಾಲು ರೆಡಿ, ಗಾಳಿ ಮಾತ್ರ ರೆಡಿ ಇಲ್ಲ. ದಕ್ಷಿಣ ಪೆಸಿಫಿಕ್‌ನಲ್ಲಿ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಅದಕ್ಕೇ ಇಲ್ಲಿರುವ ಹಾಯಿದೋಣಿಗಳಲ್ಲಿ ಬಹಳಷ್ಟು ಈಗ ನ್ಯೂಜಿಲೆಂಡ್ ಕಡೆ ಮುಖ ಮಾಡಿವೆ. ಬೇಗ ಹೋದರೆ ಅಲ್ಲಿ ಚಳಿಗಾಲದ ಬಿರುಗಾಳಿಗಳು ಇನ್ನೂ ಮುಗಿದಿರುವುದಿಲ್ಲ, ತಡ ಮಾಡಿದರೆ ಬೆನ್ನಿಗೆ ಚಂಡಮಾರುತ. ಮಧ್ಯೆ ಸಿಗುವುದು ಕೆಲವೇ ವಾರ.

ಈ ಸಲ ಜಾಸ್ತಿ ಸಮಯ ತಿಂದದ್ದು ದೋಣಿಯ ತಳ. ಪಾಚಿ, ಚಿಪ್ಪು ಅಂಟಿಸಿಕೊಂಡು ಬರುವ ದೋಣಿಗಳನ್ನು ನ್ಯೂಜಿಲೆಂಡ್ ಒಳಗೆ ಬಿಡುವುದಿಲ್ಲ. 2018ರ ಮೇ ತಿಂಗಳಿಂದ ಇದು ಕಡ್ಡಾಯ. ತಲುಪುವ ಮುಂಚಿನ 30 ದಿನದೊಳಗೆ ತಳ ಸ್ವಚ್ಛ ಮಾಡಿರಬೇಕು, ಇಲ್ಲವೇ ಪಾಚಿ, ಚಿಪ್ಪು ಅಂಟದಂತೆ ತಡೆಯುವ ಆಂಟಿಫೌಲಿಂಗ್ ಬಣ್ಣ ಹೊಡೆಸಿ ಸರಿಯಾಗಿ ನೋಡಿಕೊಂಡಿದ್ದೇವೆ ಅನ್ನುವುದಕ್ಕೆ ದಾಖಲೆ ತೋರಿಸಬೇಕು. ದೊಡ್ಡ ಸಪಾಟಾದ ಜಾಗ ಉಜ್ಜುವುದು ಸುಲಭ. ಕಷ್ಟ ಇರುವುದು ಮೂಲೆಗಳಲ್ಲಿ: ಕೀಲ್‌ನ (ತಳದಿಂದ ಕೆಳಗೆ ಚಾಚಿದ ಭಾರದ ರೆಕ್ಕೆ) ಅಡಿ, ಚುಕ್ಕಾಣಿಯ ಸಂದು, ಪ್ರೊಪೆಲರ್ ಶಾಫ್ಟ್, ಎಂಜಿನ್‌ಗೆ ಸಮುದ್ರದ ನೀರು ಎಳೆಯುವ ತೂತು. ಇವರು ನೀರಿಗಿಳಿದು ಉಜ್ಜುತ್ತಾರೆ, ನಾನು ಹಿಂದೆಯೇ ಮುಳುಗಿ ಒಂದೊಂದು ಮೂಲೆಯ ಫೋಟೋ ತೆಗೆದು ತಾರೀಖಿನ ಜೊತೆ ಜೋಡಿಸಿಡುತ್ತೇನೆ. ಬಣ್ಣ ಕೊಂಡ ರಸೀದಿಯೂ ಅದೇ ಫೈಲಿನಲ್ಲಿದೆ.

ಹಾಯಿಗಳ ಕೆಲಸ ಮುಗಿದಿದೆ. ಮುಂದಿನ ದೊಡ್ಡ ಹಾಯಿ ಜೆನೋವಾದ ಅಂಚಿನಲ್ಲಿ ಬಿಸಿಲಿಗೆ ದಾರ ಪುಡಿಯಾಗಿತ್ತು, ಬಟ್ಟೆ ಗಟ್ಟಿಯಾಗೇ ಇತ್ತು, ಹೊಲಿದೆವು. ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ಇಂಪೆಲ್ಲರ್ ಚಕ್ರ, ಡೀಸೆಲ್ ಫಿಲ್ಟರ್ ಬದಲಾಯಿಸಿದೆವು. ಇವರನ್ನು ಕಂಬದ ತುದಿಯವರೆಗೆ ಏರಿಸಿ ಒಂದೊಂದು ತಂತಿಯ ಬುಡ, ಪಿನ್ನು ನೋಡಿದ್ದಾಯಿತು, ಎಲ್ಲೂ ಬಿರುಕಿಲ್ಲ. ಭಾನುವಾರ ಮಾತ್ರ ಎಲ್ಲ ಬಂದ್. ಟೋಂಗಾದ ಸಂವಿಧಾನದಲ್ಲೇ ಭಾನುವಾರ ಪವಿತ್ರ ದಿನ ಅಂತ ಬರೆದಿದೆ, ಅಂಗಡಿ ತೆಗೆಯುವುದಿಲ್ಲ, ಚರ್ಚಿನ ಹಾಡು ಬಂದರಿನ ನೀರಿನವರೆಗೂ ಕೇಳಿಸುತ್ತದೆ. ನಮಗೂ ಒಂದು ದಿನ ರಜೆ ಅಲ್ವಾ!

ಇನ್ನು ಹವಾಮಾನ. ನನ್ನ ತಲೆಯ ತುಂಬ ಈಗ ಇದೇ.

ದೂರ ಸುಮಾರು 1,200 ನಾಟಿಕಲ್ ಮೈಲಿ. ನಮ್ಮಂಥ ದೋಣಿ ಗಂಟೆಗೆ ಐದಾರು ಮೈಲಿ ಹೋದರೆ ಎಂಟರಿಂದ ಹತ್ತು ದಿನ ಬೇಕು. ಅಷ್ಟು ದಿನದ ಮುನ್ಸೂಚನೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಆಸ್ಟ್ರೇಲಿಯಾ ಕಡೆಯಿಂದ ಹೆಚ್ಚುಕಮ್ಮಿ ವಾರಕ್ಕೊಂದರಂತೆ ಅಧಿಕ ಒತ್ತಡದ ವಲಯಗಳು ಪೂರ್ವಕ್ಕೆ ಸಾಗುತ್ತವೆ, ಎರಡರ ನಡುವೆ ಕಡಿಮೆ ಒತ್ತಡದ ಪಟ್ಟಿಯೋ ಫ್ರಂಟೋ (ಬಿಸಿ ಗಾಳಿ, ತಣ್ಣನೆ ಗಾಳಿ ಸೇರುವ ಅಂಚು) ಬರುತ್ತದೆ. ಅಂದರೆ ಯಾವಾಗ ಹೊರಟರೂ ದಾರಿಯಲ್ಲಿ ಒಂದಾದರೂ ಫ್ರಂಟ್ ಎದುರಾಗುತ್ತದೆ ಅಂತಲೇ ಲೆಕ್ಕ ಹಾಕಬೇಕು. ಅದು ಹತ್ತಿರ ಬರುವಾಗ ಗಾಳಿ ಉತ್ತರದಿಂದ, ಆಮೇಲೆ ವಾಯವ್ಯದಿಂದ ಬರತೊಡಗುತ್ತದೆ, ದಾಟಿದ ಮೇಲೆ ನೈಋತ್ಯದಿಂದ ಜೋರಾಗಿ ಬೀಸುತ್ತದೆ.

ಓಪುವಾ ಇರುವುದು ಟೋಂಗಾದಿಂದ ನೈಋತ್ಯಕ್ಕೇ. ನಕ್ಷೆ ಮೇಲೆ ಗೆರೆ ಎಳೆದು ನೇರ ಹೋದರೆ ಕೊನೆಯಲ್ಲಿ ಆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಅದಕ್ಕೇ ಹಳಬರು ಮೊದಲು ಪಶ್ಚಿಮಕ್ಕೆ ಜರುಗಿ, 30 ಡಿಗ್ರಿ ದಕ್ಷಿಣ ಅಕ್ಷಾಂಶದ ಹೊತ್ತಿಗೆ ಓಪುವಾದ ನೇರ ಉತ್ತರಕ್ಕೆ ಬಂದಿರಿ ಅನ್ನುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಇಳಿಯುವಾಗ ನೈಋತ್ಯದ ಗಾಳಿ ಬಂದರೂ ಅದು ಪಕ್ಕಕ್ಕೆ ಸಿಗುತ್ತದೆ, ಹಾಯಿ ಬಿಗಿ ಹಿಡಿದು ಹೋಗಬಹುದು. ಸ್ವಲ್ಪ ಸುತ್ತು, ಆದರೂ ನಾವು ಆರಿಸಿರುವುದು ಇದೇ ದಾರಿ.

ಮಧ್ಯೆ ಮಿನರ್ವಾ ರೀಫ್ ಇದೆ. ಟೋಂಗಾದ ಮುಖ್ಯ ದ್ವೀಪ ಟೋಂಗಾಟಾಪುವಿನಿಂದ ನೈಋತ್ಯಕ್ಕೆ 250 ಮೈಲಿಯ ಆಸುಪಾಸಿನಲ್ಲಿ, ನಡುಸಮುದ್ರದಲ್ಲಿ ಬಳೆಯ ಹಾಗಿರುವ ಹವಳದ ದಿಬ್ಬಗಳು, ಉತ್ತರ ಮತ್ತು ದಕ್ಷಿಣ ಅಂತ ಎರಡು. ಭರತದಲ್ಲಿ ಅವೂ ಮುಳುಗುತ್ತವೆ, ಕಣ್ಣಿಗೆ ನೆಲವೇ ಕಾಣುವುದಿಲ್ಲ, ಆದರೂ ಒಳಗೆ ಲಂಗರು ಹಾಕಿ ಮುಂದಿನ ಫ್ರಂಟ್ ದಾಟುವವರೆಗೆ ಕಾಯಬಹುದು. ಉತ್ತರ ಮಿನರ್ವಾಗೆ ವಾಯವ್ಯದಲ್ಲಿ ಒಂದು ಬಾಗಿಲಿದೆ, ಹಗಲಲ್ಲೇ ಒಳಗೆ ಹೋಗಬೇಕು. 1962ರಲ್ಲಿ ಟುಆಇಕಾಎಪಾಉ ಅನ್ನುವ ಟೋಂಗಾದ ದೋಣಿ ರಾತ್ರಿ ದಕ್ಷಿಣ ಮಿನರ್ವಾಗೆ ಬಡಿದು, ಅದರಲ್ಲಿದ್ದವರು ತಿಂಗಳುಗಟ್ಟಲೆ ಅಲ್ಲೇ ಮುರಿದು ಬಿದ್ದಿದ್ದ ಜಪಾನಿ ಮೀನುಗಾರಿಕೆ ಹಡಗೊಂದರೊಳಗೆ ಬದುಕಿದ್ದರು. ಅದನ್ನು ಓದಿದ ಮೇಲೆ ಆ ಬಾಗಿಲಿಗೆ ರಾತ್ರಿ ಹೋಗುವ ಮಾತು ನಮ್ಮ ದೋಣಿಯಲ್ಲಿ ಎದ್ದಿಲ್ಲ.

ಹೊರಡುವ ದಿನದ ಬಗ್ಗೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದ ಇದೆ: ಒಬ್ಬರು ಬೇಡ ಅಂದರೂ ಲಂಗರು ಏಳುವುದಿಲ್ಲ, ಕಾರಣ ಕೇಳುವ ಹಾಗಿಲ್ಲ. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ಸರದಿಯ ಮೇಲೆ ಮೂರು ಗಂಟೆ ಕಾವಲು, ಮೂರು ಗಂಟೆ ನಿದ್ದೆ ಅಂತ ಸಾಗುವಾಗ ಮನಸ್ಸಿಲ್ಲದೆ ಬಂದವರನ್ನು ರಾತ್ರಿಯ ಕಾವಲಿಗೆ ಕೂರಿಸುವುದು ಇಬ್ಬರಿಗೂ ಹಿಂಸೆ. ನ್ಯೂಜಿಲೆಂಡ್‌ನಿಂದ ವಿಮಾನದ ಟಿಕೆಟ್ ಮೊದಲೇ ತೆಗೆದಿಟ್ಟು, ಅದರ ತಾರೀಖು ನೋಡಿಕೊಂಡು ಹೊರಡುವವರೂ ಇದ್ದಾರೆ. ನನಗಂತೂ ಆ ಧೈರ್ಯ ಇಲ್ಲ.

ಅಡುಗೆಮನೆಯಲ್ಲಿ ಈಗ ಖಾಲಿ ಮಾಡುವ ಕೆಲಸ ನಡೆದಿದೆ. ಜೇನುತುಪ್ಪ, ತಾಜಾ ಹಣ್ಣು, ತರಕಾರಿ ಉಳಿದರೆ ಅಲ್ಲಿನ ಅಧಿಕಾರಿಗಳು ತೆಗೆದುಕೊಂಡು ಹೋಗುತ್ತಾರೆ, ಮೊಳಕೆ ಬರುವ ಕಾಳುಗಳ ಮೇಲೂ ಕಣ್ಣಿರುತ್ತದೆ. ಹಾಗಾಗಿ ದಿನಾ ಕಾಳಿನ ಅಡುಗೆಯೇ, ಇವರು ಈಗಾಗಲೇ ಗೊಣಗಲು ಶುರು ಮಾಡಿದ್ದಾರೆ.

ಬಾಕಿ ಇರುವುದು ಇಷ್ಟು: ಡೀಸೆಲ್ ತುಂಬಿಸಬೇಕು, ಡೆಕ್ ಮೇಲೆ ನಮ್ಮನ್ನು ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ ಬಿಗಿಯಬೇಕು, ಬರುವ ವಿಷಯವನ್ನು ನ್ಯೂಜಿಲೆಂಡ್ ಅಧಿಕಾರಿಗಳಿಗೆ ಕನಿಷ್ಠ 48 ಗಂಟೆ ಮೊದಲು ತಿಳಿಸುವ ಅರ್ಜಿ ತುಂಬಿಡಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನಡುವಿನ ಟಾಸ್ಮನ್ ಸಮುದ್ರದಲ್ಲಿ ಈಗ ಒಂದು ಕಡಿಮೆ ಒತ್ತಡ ಬೆಳೆಯುತ್ತಿದೆ. ಅದು ಪೂರ್ವಕ್ಕೆ ಸರಿದು ಹಿಂದೆ ಅಗಲವಾದ ಅಧಿಕ ಒತ್ತಡ ಬರುವ ಸೂಚನೆ ಸೋಮವಾರವೂ ಹಾಗೇ ಇದ್ದರೆ ಮಂಗಳವಾರ ಕಸ್ಟಮ್ಸ್ ಕಚೇರಿಗೆ ಹೋಗಿ ಕಾಗದ ಮಾಡಿಸುತ್ತೇವೆ. ಇಲ್ಲದಿದ್ದರೆ ಇನ್ನೊಂದು ವಾರ ಇಲ್ಲೇ, ಮತ್ತೆ ತಳ ಉಜ್ಜುವುದೇ.