ಒಂದೇ ರಾಗವನ್ನು ಇಷ್ಟು ಜನರಿಂದ ಯಾಕೆ ಕೇಳ್ತೀರಿ?

"ಒಂದು ರಾಗಕ್ಕೆ ಒಂದು ಒಳ್ಳೆ ರೆಕಾರ್ಡಿಂಗ್ ಸಾಕಲ್ವಾ? ಬೆಸ್ಟ್ ಯಾವುದು ಅಂತ ಹೇಳಿಬಿಡಿ, ನಾವೂ ಅದನ್ನೇ ಕೇಳ್ತೀವಿ."

ಹಿಂದೂಸ್ತಾನಿ ಸಂಗೀತದ ಹುಚ್ಚು ಇರುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನನ್ನನ್ನು ಆಫೀಸಿನಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ. ಧಾರವಾಡದಲ್ಲಿರುವ ದೊಡ್ಡಪ್ಪನ ಮಗ ಸಿಕ್ಕಾಗಲೆಲ್ಲ ಕಾಲೆಳೆಯುತ್ತಾನೆ: "ಅದ ಯಮನ್, ಅದ ಮಾಲಕಂಸ. ಮತ್ತ ಮತ್ತ ಏನ್ ಕೇಳ್ತೀಯೋ ತಮ್ಮಾ?" ಪ್ರತಿ ಸಲವೂ ಅರ್ಧ ಉತ್ತರ ಕೊಟ್ಟು ಸುಮ್ಮನಾಗುತ್ತೇನೆ. ಇಲ್ಲಿ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಒಂದೇ ರೆಕಾರ್ಡಿಂಗ್ ಕೇಳಿದವರಿಗೆ ಅದರಲ್ಲಿ ರಾಗದ್ದು ಎಷ್ಟು, ಹಾಡಿದವರದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. ಎಲ್ಲವೂ ಸೇರಿ ಒಂದೇ ಮುದ್ದೆಯಾಗಿ ಕೇಳಿಸುತ್ತದೆ. ಎರಡನೆಯವರು ಅದೇ ರಾಗ ಹಾಡಿದ್ದನ್ನು ಕೇಳಿದಾಗ ಮೊದಲನೆಯವರು ಏನು ಮಾಡಿದ್ದರು ಅನ್ನೋದು ತಿಳಿಯುತ್ತದೆ. ನನ್ನ ಉತ್ತರದ ಸಾರ ಇಷ್ಟೇ. ಆದರೆ ಉದಾಹರಣೆ ಇಲ್ಲದೆ ಇದನ್ನು ಯಾರೂ ನಂಬುವುದಿಲ್ಲ.

ಝಿಂಝೋಟಿ ರಾಗದ ಒಂದು ಠುಮ್ರಿ (ಭಾವಕ್ಕೆ ಒತ್ತು ಕೊಡುವ ಲಘು ಶಾಸ್ತ್ರೀಯ ಹಾಡು) ಇದೆ, 'ಪಿಯಾ ಬಿನ್ ನಹೀ ಆವತ ಚೈನ್'. ಕಿರಾಣಾ ಘರಾಣೆಯ (ಆ ಹೆಸರಿನ ಹಾಡಿಕೆಯ ಪರಂಪರೆಯ) ಅಬ್ದುಲ್ ಕರೀಂ ಖಾನರು ಹಾಡಿದ್ದು. ಗದಗಿನಲ್ಲಿ ಬೆಳೆಯುತ್ತಿದ್ದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಈ ರೆಕಾರ್ಡ್ ಕೇಳಿ ಮರುಳಾದರು. ಇಂಥ ಹಾಡು ಕಲಿಸುವ ಗುರು ಬೇಕು ಅಂತ 1933ರಲ್ಲಿ ಮನೆ ಬಿಟ್ಟು ಹೋದರು. ಆಗ ವಯಸ್ಸು 11. ಉತ್ತರ ಭಾರತವೆಲ್ಲ ಅಲೆದು ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಊರಿನ ಹತ್ತಿರವೇ, ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು.

ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಕಥೆ ಗೊತ್ತಿರುವ ಎಷ್ಟೋ ಜನ ಆ ಎರಡು ದನಿಗಳನ್ನು ಒಂದರ ಹಿಂದೆ ಒಂದು ಕೇಳಿಲ್ಲ. ಭೀಮಸೇನರೂ ಅದೇ ಠುಮ್ರಿ ಹಾಡಿದ್ದಾರೆ, ರೆಕಾರ್ಡಿಂಗ್ ಸುಲಭವಾಗಿ ಸಿಗುತ್ತದೆ. ಖಾನ್ ಸಾಹೇಬರ ದನಿ ಸಣ್ಣದು, ಎತ್ತರದ್ದು. ಎಳೆದು ನೂತ ರೇಷ್ಮೆ ದಾರದ ಹಾಗೆ ಎಲ್ಲೂ ಗಂಟಿಲ್ಲ. ಭೀಮಸೇನರದು ಎದೆಯಿಂದ ಬರುವ ದಪ್ಪ ದನಿ. ಅದೇ ಸಾಲನ್ನು ಎತ್ತಿಕೊಂಡರೆ ಹಾಡು ಬೇರೆಯೇ ಮೈ ಪಡೆಯುತ್ತದೆ. ಆ ಹುಡುಗ ಮನೆ ಬಿಟ್ಟದ್ದು ಆ ರೆಕಾರ್ಡಿನ ಮೋಹಕ್ಕೆ. ದೊಡ್ಡವನಾದ ಮೇಲೆ ಅದರ ಹಾಗೆ ಹಾಡಲೇ ಇಲ್ಲ! ಒಂದೇ ಕೇಳಿದ್ದರೆ ಈ ಸ್ವಾರಸ್ಯ ಕೈಗೆ ಸಿಗುತ್ತಿತ್ತಾ?

ಖಾನ್ ಸಾಹೇಬರ ಹಾಡು ಬರೀ ಮೂರು ನಿಮಿಷದ ಆಸುಪಾಸಿನದು. ಅದಕ್ಕೆ ಕಾರಣ ನಿಮಿಷಕ್ಕೆ 78 ಸುತ್ತು ತಿರುಗುವ, ಆಗಿನ 78 ಆರ್‌ಪಿಎಂ ತಟ್ಟೆ. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಅಷ್ಟೇ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವವರು ಆ ಮೂರು ನಿಮಿಷದಲ್ಲಿ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಅಂತ ಗಮನಿಸುವುದೇ ಒಂದು ಆಟ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಹಾಡನ್ನು ಮುದ್ರಿಸಿದ. ಆಗ ಮೈಕ್ ಇರಲಿಲ್ಲ. ಒಂದು ದೊಡ್ಡ ಕಹಳೆಯೊಳಗೆ ಜೋರಾಗಿ ಹಾಡಬೇಕಿತ್ತು. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಕೂಗುತ್ತಾರೆ. ಮೊದಲ ಸಲ ಕೇಳಿದವರು ನಕ್ಕುಬಿಡುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರ ಹಾಡು ಅಂತ ತಿಳಿಯಬೇಕಲ್ಲ, ಅದಕ್ಕೆ ಆ ಕೂಗು. ಅಂದ ಹಾಗೆ, ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಿದ್ದರು. 1930ರ ಜನವರಿಯಲ್ಲಿ ತೀರಿಕೊಂಡದ್ದು ಮೈಸೂರಿನಲ್ಲೇ. ಮೈಸೂರಿನವರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಎಲ್‌ಪಿ (ಹೆಚ್ಚು ಹೊತ್ತು ಓಡುವ ತಟ್ಟೆ) ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಅಲ್ಲಿಂದ ಮುಂದಿನದೇ ನನ್ನ ಅಚ್ಚುಮೆಚ್ಚಿನ ಕಾಲ. ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರ ಎಲ್‌ಪಿ, 1960ರದು. ಒಂದು ಕಡೆ ಮಾರವಾ, ಇನ್ನೊಂದು ಕಡೆ ದರಬಾರಿ. ಸಂಗೀತ ಕೇಳುವವರು ಇಬ್ಬರು ಸೇರಿದರೆ ಈ ತಟ್ಟೆಯ ಮಾತು ಬಾರದೆ ಇರುವುದಿಲ್ಲ.

ಮಾರವಾ ಸಂಜೆಯ ರಾಗ. ಸ ರಿ ಗ ಮ ಪ ದ ನಿ ಅನ್ನುವ ಏಳರಲ್ಲಿ ರಿಷಭ (ರಿ) ಕೋಮಲ, ಅಂದರೆ ತಗ್ಗಿಸಿದ್ದು; ಮಧ್ಯಮ (ಮ) ತೀವ್ರ, ಅಂದರೆ ಏರಿಸಿದ್ದು; ಪಂಚಮ (ಪ) ಇಲ್ಲವೇ ಇಲ್ಲ. ಇದೇ ಸ್ವರಗಳು ಪೂರಿಯಾ ರಾಗಕ್ಕೂ ಇವೆ, ಸೋಹನಿಗೂ ಇವೆ. ಕಾಗದದ ಮೇಲೆ ಬರೆದರೆ ಮೂರೂ ಒಂದೇ. ಹಾಗಿದ್ದರೆ ಮೂರು ಹೆಸರು ಯಾಕೆ? ಎಲ್ಲಿ ನಿಲ್ಲುತ್ತೀರಿ ಅನ್ನೋದರ ಮೇಲೆ ಎಲ್ಲ ಇದೆ. ಮಾರವಾದಲ್ಲಿ ರಿಷಭ ಮತ್ತು ಧೈವತದ (ದ) ಮೇಲೆ ನಿಲ್ಲುತ್ತಾರೆ. ಪೂರಿಯಾದಲ್ಲಿ ಗಾಂಧಾರ (ಗ) ಮತ್ತು ನಿಷಾದದ (ನಿ) ಮೇಲೆ. ಸೋಹನಿ ಮೇಲಿನ ಸಪ್ತಕದಲ್ಲೇ (ಎತ್ತರದ ಸ್ವರಗಳಲ್ಲೇ) ಜಾಸ್ತಿ ಓಡಾಡುತ್ತದೆ. ಮಾರವಾ ಹಾಡುವವರು ಎಲ್ಲಕ್ಕೂ ಆಧಾರವಾದ ಷಡ್ಜವನ್ನು (ಸ) ಸುಲಭಕ್ಕೆ ಮುಟ್ಟುವುದಿಲ್ಲ. ಬರುತ್ತೆ ಬರುತ್ತೆ ಅಂತ ಕಾಯಿಸಿ, ಮತ್ತೆ ರಿಷಭದಲ್ಲೇ ನಿಂತುಬಿಡುತ್ತಾರೆ. ಕೇಳುವವರಿಗೆ ಕೂತಲ್ಲಿ ಕೂರಲಾಗದ ಒಂದು ಚಡಪಡಿಕೆ ಹುಟ್ಟುತ್ತದೆ.

ಅಮೀರ್ ಖಾನರು ಈ ಚಡಪಡಿಕೆಯನ್ನು ಅವಸರ ಮಾಡದೆ ಬೆಳೆಸುತ್ತಾರೆ. 'ಪಿಯಾ ಮೋರೇ ಅನತ ದೇಸ' ಅನ್ನುವ ವಿಲಂಬಿತ (ನಿಧಾನ ಲಯದ ಹಾಡು), ಝೂಮರಾ ತಾಳ, ಅಂದರೆ ಒಂದು ಸುತ್ತಿಗೆ 14 ಮಾತ್ರೆ (ಎಣಿಕೆ). ದನಿ ಏರುವುದೇ ಇಲ್ಲ ಅನ್ನಿಸುವಷ್ಟು ನಿಧಾನ. ಇದನ್ನು ಕೇಳಿ, ಆಮೇಲೆ ಭೀಮಸೇನರ ಪೂರಿಯಾ ಹಾಕಿ. ಅವೇ ಸ್ವರಗಳು, ಆದರೆ ಮನಸ್ಸಿಗೆ ಬೇರೆ ಮನೆಯೊಳಗೆ ಹೊಕ್ಕ ಅನುಭವ. ರಾಗ ಅಂದರೆ ಸ್ವರಗಳ ಪಟ್ಟಿ ಅಂದುಕೊಂಡವರಿಗೆ ಪುಸ್ತಕದ ಹತ್ತು ಪುಟಕ್ಕಿಂತ ಈ ನಲವತ್ತು ನಿಮಿಷ ಜಾಸ್ತಿ ಹೇಳಿಕೊಡುತ್ತದೆ.

ಈ ಮಾರವಾ ವಿಷಯದಲ್ಲೇ ಇನ್ನೊಂದು ಮಾತು. ನಮ್ಮದೊಂದು ಸಣ್ಣ ಗೆಳೆಯರ ಗುಂಪಿದೆ. ಒಬ್ಬರಿಗೆ ಇಷ್ಟವಾದದ್ದನ್ನು ಇನ್ನೊಬ್ಬರಿಗೆ ಕಳಿಸುತ್ತೇವೆ, ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಕೇಳುವುದೂ ಉಂಟು. ಒಬ್ಬ ತಬಲಾ ಕಲಿತವನು. ಇನ್ನೊಬ್ಬರು ನಿವೃತ್ತ ಮೇಷ್ಟ್ರು, ಅವರಿಗೆ ಬಂದಿಶಿನ (ರಾಗದಲ್ಲಿ ಕಟ್ಟಿದ ಹಾಡಿನ) ಶಬ್ದ ಸ್ಪಷ್ಟವಾಗಿ ಕೇಳಲೇಬೇಕು. ಅಮೀರ್ ಖಾನರ ಈ ಎಲ್‌ಪಿ ಬಗ್ಗೆ ಮೇಷ್ಟ್ರ ತಕರಾರು ಏನೆಂದರೆ ಶಬ್ದ ನುಂಗುತ್ತಾರೆ ಅಂತ. ತಬಲಾದವನು ಹಾಡನ್ನು ಬಿಟ್ಟು ಠೇಕಾ (ತಾಳ ಹಿಡಿಯುವ ತಬಲಾದ ಬಡಿತ) ಕೇಳುತ್ತಾನೆ. "ಇಷ್ಟು ನಿಧಾನದಲ್ಲಿ ಝೂಮರಾ ಹಿಡಿದು ಕೂರೋದು ಹುಡುಗಾಟ ಅಲ್ಲ, ಸಮ್, ಅಂದ್ರೆ ತಾಳದ ಮೊದಲ ಏಟು, ಬರೋ ತನಕ ಉಸಿರು ಹಿಡೀಬೇಕು" ಅಂತ ಅವನು ಹೇಳಿದ ಮೇಲೆ ಆ ರೆಕಾರ್ಡಿನ ತಬಲಾ ನನಗೆ ಮೊದಲ ಸಲ ಕೇಳಿಸಿತು. ಅಲ್ಲಿಯ ತನಕ ಅದು ಹಿಂದೆಲ್ಲೋ ಟಿಕ್ ಟಿಕ್ ಅನ್ನುತ್ತಿತ್ತು ಅಷ್ಟೇ. ಹಂಚಿಕೊಂಡು ಕೇಳುವುದರ ಲಾಭ ಇದು. ಇನ್ನೊಬ್ಬರ ಕಿವಿ ಪುಕ್ಕಟೆ ಸಿಗುತ್ತದೆ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಬೆಳೆದುಬಂದಿದೆ. ರೆಕಾರ್ಡಿಂಗ್ ಕಳಿಸಿ ಬರೀ 'ಸೂಪರ್' ಅಂತ ಬರೆಯುವ ಹಾಗಿಲ್ಲ. ಎಷ್ಟನೇ ನಿಮಿಷದಲ್ಲಿ ಏನಾಯಿತು ಅಂತ ಹೇಳಬೇಕು. 'ಒಂಬತ್ತನೇ ನಿಮಿಷದಲ್ಲಿ ನಿಷಾದದಿಂದ ಇಳಿಯೋದು ನೋಡು' ಅಂದರೆ ಕೇಳದೆ ಇರಲು ಸಾಧ್ಯವೇ ಇಲ್ಲ. ಬೈಠಕ್ಕಿನ (ಎದುರಿಗೇ ಕೂತು ಕೇಳುವ ಸಣ್ಣ ಕಚೇರಿಯ) ರೆಕಾರ್ಡಿಂಗ್ ಆದರೆ ಇನ್ನೂ ಮಜಾ. ಮುಂದೆ ಕೂತ ಯಾರೋ 'ಕ್ಯಾ ಬಾತ್ ಹೈ' ಅನ್ನುತ್ತಾರೆ, ಯಾರೋ ಕೆಮ್ಮುತ್ತಾರೆ. ಹಾಡುವವರಿಗೆ ಆ 'ವಾಹ್' ಸಿಕ್ಕ ಕೂಡಲೇ ಅದೇ ಜಾಗಕ್ಕೆ ಮತ್ತೆ ಬರುತ್ತಾರೆ. ಸ್ಟುಡಿಯೋದಲ್ಲಿ ಇದು ಆಗುವುದಿಲ್ಲ.

ಇಂಥ ರೆಕಾರ್ಡಿಂಗ್‌ಗಳ ತಾಪತ್ರಯಗಳೂ ಇವೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ ಬಂದವು ಸ್‌ಸ್ ಅನ್ನುತ್ತವೆ. 90 ನಿಮಿಷದ ಕ್ಯಾಸೆಟ್ಟಿನಲ್ಲಿ 45 ನಿಮಿಷಕ್ಕೆ ತಾನಿನ (ವೇಗವಾಗಿ ಓಡುವ ಸ್ವರಗಳ ಸಾಲಿನ) ನಡುವೆಯೇ ಕಡಿದು ಹೋಗುತ್ತದೆ. ಬೆಲ್ಟ್ ಸಡಿಲವಾಗಿ ನಿಧಾನ ತಿರುಗುವ ಟೇಪ್‌ರೆಕಾರ್ಡರಿನಲ್ಲಿ ನಕಲು ಮಾಡಿದ್ದನ್ನು ಸರಿಯಾದ ಮಷೀನಿನಲ್ಲಿ ಹಾಕಿದರೆ ಶ್ರುತಿ ಒಂದು ಮನೆ ಮೇಲಕ್ಕೆ ಹೋಗಿ, ಹಾಡುವವರಿಗೆ ರೈಲು ಹಿಡಿಯುವ ಅವಸರ ಇದ್ದಂತೆ ಕೇಳುತ್ತದೆ. ಹಾಗಾಗಿ ಹಳೇ ರೆಕಾರ್ಡಿಂಗ್ ಕೇಳಿ 'ಇವರ ಲಯ ಎಷ್ಟು ಚುರುಕು' ಅನ್ನುವ ಮುಂಚೆ ಸ್ವಲ್ಪ ಅನುಮಾನ ಇರಲಿ.

ಅದಕ್ಕಿಂತ ಜಾಸ್ತಿ ಜಗಳ ತರುವುದು ಲೇಬಲ್ಲು. ಮಲ್ಲಿಕಾರ್ಜುನ ಮನ್ಸೂರರ ಒಂದು ಫೈಲು ಬರೀ 'ಮಾಲಕಂಸ' ಅನ್ನುವ ಹೆಸರಿನಲ್ಲಿ ಬಂದಿತು ಅಂದುಕೊಳ್ಳಿ. ಮಾಲಕಂಸಕ್ಕೆ ಐದೇ ಸ್ವರ, ರಿಷಭ ಪಂಚಮ ಎರಡೂ ಇಲ್ಲ. ಕೇಳುತ್ತಾ ಹೋದರೆ ಪಂಚಮ ಢಾಳಾಗಿ ಬರುತ್ತದೆ. ಮನ್ಸೂರರು ತಪ್ಪಿದರಾ? ಛೆ! ಅದು ಸಂಪೂರ್ಣ ಮಾಲಕಂಸ, ಜಯಪುರ ಅತ್ರೌಲಿ ಘರಾಣೆಯವರು ಹಾಡುವ ಬೇರೆ ರಾಗ, ಏಳೂ ಸ್ವರ ಇರುವಂಥದ್ದು. ಆ ಘರಾಣೆಗೆ ಇಂಥ ಅಪರೂಪದ ರಾಗಗಳ ಗೀಳು. ಮನ್ಸೂರರು ಧಾರವಾಡದ ಹತ್ತಿರದ ಮನ್ಸೂರಿನವರು, 1910ರಲ್ಲಿ ಹುಟ್ಟಿದವರು. ಆ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನರ ಹತ್ತಿರ ಕಲಿತರು. ಅವರ ಹಾಡಿಕೆಯಲ್ಲಿ ಪೀಠಿಕೆ ಕಡಿಮೆ. ಸ್ವಲ್ಪ ಆಲಾಪ, ಆಮೇಲೆ ನೇರ ಬಂದಿಶ್. ಅಲ್ಲಿಂದ ಮುಂದೆ ಉಸಿರು ಎಲ್ಲಿ ತಗೊಂಡರು ಅಂತ ಹುಡುಕುವುದೇ ಕೇಳುವವರ ಕೆಲಸ. ಎಪ್ಪತ್ತು ದಾಟಿದ ಮೇಲಿನ ಅವರ ಕಚೇರಿಗಳನ್ನು ಕೇಳಿ. ಬೀಡಿ ಸೇದುತ್ತಿದ್ದ ಮನುಷ್ಯನ ಉಸಿರು ಅದು ಅಂದರೆ ನಂಬಿಕೆ ಬರುವುದಿಲ್ಲ.

ಒಬ್ಬರದೇ ಎರಡು ಕಾಲದ ರೆಕಾರ್ಡಿಂಗ್ ಕೇಳುವುದೂ ಇಷ್ಟೇ ರುಚಿ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ರೆಕಾರ್ಡುಗಳ ಮೇಲೆ ಅವರ ಹೆಸರು 'ಗಾಂಧಾರಿ'. ದನಿ ತೆಳು, ಎತ್ತರ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ದನಿ ಇಳಿಯಿತು, ಗಂಭೀರವಾಯಿತು. ನಮಗೆಲ್ಲ ಗೊತ್ತಿರುವ ಗಂಗೂಬಾಯಿ ಆ ಎರಡನೆಯ ದನಿಯವರು. ಎರಡನ್ನೂ ಒಬ್ಬರೇ ಹಾಡಿದ್ದು ಅಂತ ಹೇಳದೆ ಯಾರಿಗಾದರೂ ಕೇಳಿಸಿ ನೋಡಿ. ಅವರೂ ಸವಾಯಿ ಗಂಧರ್ವರ ಶಿಷ್ಯೆಯೇ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತವರು. ಒಬ್ಬರೇ ಗುರು, ಒಂದೇ ಮನೆ. ಅಲ್ಲಿಂದ ಒಬ್ಬರು ಗಂಗೂಬಾಯಿಯಾಗಿ, ಇನ್ನೊಬ್ಬರು ಭೀಮಸೇನರಾಗಿ ಹೊರಬಂದರು. ಇಬ್ಬರೂ ಹಾಡಿದ ಯಾವ ರಾಗ ಸಿಕ್ಕರೂ ಪಕ್ಕಪಕ್ಕ ಇಟ್ಟು ಕೇಳಿ.

ಕುಮಾರ ಗಂಧರ್ವರ ಮಾತು ಬೇರೆ. ಬೆಳಗಾವಿ ಹತ್ತಿರದ ಸುಳೇಭಾವಿಯ ಈ ಹುಡುಗ ದೊಡ್ಡವರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಚಾಚೂ ತಪ್ಪದೆ ಹಾಗೇ ಹಾಡುತ್ತಿದ್ದ. ಜನ ಬೆರಗಾಗಿ ನೋಡುತ್ತಿದ್ದರು. ನಕಲಿನಲ್ಲೇ ಉಳಿದಿದ್ದರೂ ಹೆಸರು ಬರುತ್ತಿತ್ತೇನೋ. ಆಮೇಲೆ ಕ್ಷಯ ಬಂದು, ದೇವಾಸಿನಲ್ಲಿ ವರ್ಷಗಟ್ಟಲೆ ಹಾಡದೆ ಮಲಗಬೇಕಾಯಿತು. ಎದ್ದು ಬಂದು ಹಾಡಿದ್ದು ಯಾರ ತಟ್ಟೆಯಲ್ಲೂ ಇಲ್ಲದ ಸಂಗೀತ. ನನ್ನ ಗೆಳೆಯರಲ್ಲಿ ಕುಮಾರರನ್ನು ತಡೆಯಲಾಗದವರೂ ಇದ್ದಾರೆ. ತುಂಡು ತುಂಡಾಗಿ ಹಾಡುತ್ತಾರೆ ಅನ್ನುತ್ತಾರೆ. ಆ ತುಂಡುಗಳೇ ನನಗೆ ಇಷ್ಟ. ಈ ಜಗಳ ತೀರುವುದಿಲ್ಲ, ತೀರುವುದು ಬೇಕಾಗಿಯೂ ಇಲ್ಲ.

ಒಂದನ್ನೇ ಆರಿಸಬೇಕಾದ ಇಕ್ಕಟ್ಟು ನಿಜವಾಗಿಯೂ ಒಮ್ಮೆ ಬಂದಿತ್ತು. 1977ರಲ್ಲಿ ಅಮೆರಿಕದ ವಾಯೇಜರ್ ಬಾಹ್ಯಾಕಾಶ ನೌಕೆಗಳ ಮೇಲೆ ಒಂದು ಚಿನ್ನದ ಲೇಪದ ತಟ್ಟೆ ಕಳಿಸಿದರು. ಇಡೀ ಭೂಮಿಯ ಸಂಗೀತಕ್ಕೆ ಅದರಲ್ಲಿ ಇದ್ದ ಜಾಗ 90 ನಿಮಿಷ. ಭಾರತದಿಂದ ಹೋದದ್ದು ಗಾಯಕಿ ಕೇಸರಬಾಯಿ ಕೇರ್ಕರರ ಭೈರವಿ, 'ಜಾತ ಕಹಾಂ ಹೋ', ಮೂರೂವರೆ ನಿಮಿಷ. ಅವರೂ ಅಲ್ಲಾದಿಯಾ ಖಾನರ ಶಿಷ್ಯೆ. ಒಳ್ಳೆಯ ಆಯ್ಕೆಯೇ, ನನ್ನ ತಕರಾರಿಲ್ಲ. ಆದರೆ ನಮ್ಮ ನಿಮ್ಮ ಫೋನಿನಲ್ಲಿ ಜಾಗಕ್ಕೆ ಅಂಥ ಬರ ಇಲ್ಲವಲ್ಲ.

ಇಷ್ಟು ಹೇಳಿದ ಮೇಲೂ "ಆದರೂ ಎಲ್ಲಿಂದ ಶುರು ಮಾಡಲಿ?" ಅಂತ ಕೇಳುವವರು ಇರುತ್ತಾರೆ. ಮೊದಲು ಖಾನ್ ಸಾಹೇಬರ 'ಪಿಯಾ ಬಿನ್'. ಕರಕರ ಸದ್ದಿಗೆ ಹೆದರಬೇಡಿ, ಅರ್ಧ ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಹಿಂದೆಯೇ ಭೀಮಸೇನರದು. ಇಷ್ಟವಾದರೆ ಒಂದು ಸಂಜೆ ಮಾರವಾ, ಆಮೇಲೆ ಪೂರಿಯಾ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ತಂಬೂರಿಯೂ ಕೇಳುವುದಿಲ್ಲ, ಎಡಗೈ ತಬಲಾದ ಗುಮ್ಮೂ ಕೇಳುವುದಿಲ್ಲ. ಸಾಧಾರಣ ಇಯರ್‌ಫೋನ್ ಆದರೂ ಸಾಕು. ಇಷ್ಟವಾಗದಿದ್ದರೆ ಎಷ್ಟನೇ ನಿಮಿಷಕ್ಕೆ ಬೇಜಾರು ಬಂತು ಅಂತ ಹೇಳಿ, ಆ ಜಾಗದಿಂದಲೇ ಮಾತು ಶುರು ಮಾಡೋಣ.